ಶೈಲಕ್ಕನ ಮೂರು ಮೊಳ

ತಂತಿಯ ಬುಟ್ಟಿಯಂಥ ಚೌಕಟ್ಟೊಂದು ಮೆಲ್ಲನೆ ಕಡಲಿಗಿಳಿಯಿತು. ನಾಲ್ಕು ಗುಳ್ಳೆ ಎದ್ದವು, ಆಮೇಲೆ ಏನೂ ಇಲ್ಲ. ದೋಣಿಯ ಅಂಚು ಹಿಡಿದು ಬಗ್ಗಿ ನೋಡುತ್ತಿದ್ದ ಶೈಲಕ್ಕನಿಗೆ ಸ್ವಲ್ಪ ನಿರಾಸೆಯೇ ಆಯಿತು. ಮೀನು ಮಾರಿ ವರ್ಷಗಟ್ಟಲೆ ಕೂಡಿಟ್ಟ ದುಡ್ಡು ನೀರಿಗೆ ಬೀಳುವಾಗ ಒಂದು ಸದ್ದಾದರೂ ಬೇಡವೇ?

“ಇಷ್ಟೇಯಾ?” ಎಂದು ಕೇಳಿದಳು.

“ಇಷ್ಟೇ ರೀ ಅಕ್ಕಾರ. ಇನ್ನ ಮುಂದಿನ ಕೆಲಸ ಎಲ್ಲಾ ಕಡಲಿಂದು,” ಎಂದಳು ಇಂಚರಾ.

“ಕಡ್ಲಿಗೆ ಕೂಲಿ ಎಷ್ಟ್ ಕೊಡ್ಕ್, ಅದ್ನೂ ಹೇಳಿ.”

ದೋಣಿಯಲ್ಲಿದ್ದವರೆಲ್ಲ ನಕ್ಕರು. ಇಂಚರಾಳೂ ನಕ್ಕಳು, ಆದರೆ ಅಂಚು ಹಿಡಿದ ಕೈ ಸಡಿಲಿಸಲಿಲ್ಲ. ಡಾ. ಇಂಚರಾ ಹಲಗೇರಿ ಹಾವೇರಿ ಕಡೆಯವಳು. ಸಮುದ್ರ ರಸಾಯನಶಾಸ್ತ್ರದಲ್ಲಿ ಹೆಸರು ಮಾಡಿದ್ದರೂ ಅವಳಿಗೆ ಈಜು ಬರುತ್ತಿರಲಿಲ್ಲ. ‘ಕಡಲಿನ ಡಾಕ್ಟ್ರಿಗೆ ಕಡಲಿನ ಹೆದರಿಕೆ’ ಎಂದು ಸಣ್ಣಕೋಡಿಯ ಹೆಂಗಸರು ಅವಳ ಎದುರಿಗೇ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳುವಷ್ಟು ಸಲಿಗೆ ಸಿಕ್ಕಿತಲ್ಲ ಎಂದು ಅವಳಿಗೆ ಒಳಗೊಳಗೇ ಖುಷಿ.

ಅದು 2061ರ ಡಿಸೆಂಬರ್. ಕುಂದಾಪುರದ ಉತ್ತರಕ್ಕಿರುವ ಸಣ್ಣಕೋಡಿ ಎಂಬ ಮೀನುಗಾರರ ಊರಿನ ಮುಂದೆ ಅವತ್ತು ಇಳಿದದ್ದು ಬೆಳೆಗಲ್ಲಿನ ಮೊದಲ ಸಾಲು.

ಬೆಳೆಗಲ್ಲು ಎಂದರೆ ಬೇರೇನಲ್ಲ, ಬೆಳೆಯುವ ಕಲ್ಲು. ಕಡಲ ನೀರಿನಲ್ಲಿ ಉಪ್ಪಿನ ಜೊತೆ ಸುಣ್ಣವೂ ಕರಗಿರುತ್ತದೆ. ಚಿಪ್ಪಿನ ಜೀವಿಗಳು ಮನೆ ಕಟ್ಟಿಕೊಳ್ಳುವುದು ಅದರಿಂದಲೇ. ತಂತಿಗೆ ಸಣ್ಣಗೆ ವಿದ್ಯುತ್ತು ಹಾಯಿಸಿದರೆ ಆ ಸುಣ್ಣ ಬಂದು ತಂತಿಗೆ ಹತ್ತಿ ಕಲ್ಲಾಗುತ್ತದೆ ಎಂಬುದು ಹಳೆಯ ಸಂಗತಿ. ಆದರೆ ಹಾಗೆ ಬೆಳೆಯುವ ಕಲ್ಲಿನದು ಆಮೆ ನಡಿಗೆ. ಇಂಚರಾ ಕಂಡುಹಿಡಿದದ್ದು ತಂತಿಗೆ ಬಳಿಯುವ ಒಂದು ಲೇಪ. ಲೇಪದೊಳಗೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳಿದ್ದವು, ಅವು ಸುಣ್ಣವನ್ನು ಎಳೆದೆಳೆದು ಪದರಪದರವಾಗಿ ಕೂರಿಸುತ್ತಿದ್ದವು. ಹತ್ತು ವರ್ಷದಲ್ಲಿ ಆಗುವುದು ಒಂದು ವರ್ಷದಲ್ಲಿ ಆಗುತ್ತಿತ್ತು. ವಿದ್ಯುತ್ತಿಗೂ ಯಾರ ಮುಂದೆಯೂ ಕೈ ಚಾಚಬೇಕಿರಲಿಲ್ಲ. ನೀರಿನ ಮೇಲೆ ತೇಲುವ ಬುರುಡೆಗಳು ಅಲೆಯ ಏರಿಳಿತದಿಂದಲೇ ಅದನ್ನು ಹುಟ್ಟಿಸುತ್ತಿದ್ದವು. ದಡ ಕೊರೆಯುವ ಅಲೆಗೇ ದಡ ಕಾಯುವ ಗೋಡೆ ಕಟ್ಟುವ ಚಾಕರಿ!

ಸಣ್ಣಕೋಡಿಗೆ ಅಂಥದ್ದೊಂದು ಗೋಡೆಯ ಅಗತ್ಯ ಎಷ್ಟಿತ್ತೆಂದರೆ, ಅಲ್ಲಿಯ ಮುದುಕರು ಊರಿನ ರಸ್ತೆ ಎಲ್ಲಿತ್ತು ಎಂದು ಕೇಳಿದರೆ ಕಡಲಿನತ್ತ ಕೈ ತೋರಿಸುತ್ತಿದ್ದರು. ಪ್ರತಿ ಮಳೆಗಾಲಕ್ಕೂ ಲಾರಿಗಳಲ್ಲಿ ಬಂಡೆ ತಂದು ಸುರಿಯುವುದು, ಮರು ಮಳೆಗಾಲಕ್ಕೆ ಬಂಡೆಗಳು ಮರಳಿನಲ್ಲಿ ಹೂತುಹೋಗುವುದು, ಇದು ಅಜ್ಜಂದಿರ ಕಾಲದಿಂದ ನಡೆದು ಬಂದ ವಾರ್ಷಿಕೋತ್ಸವ. ಈಚೆಗೆ ಘಟ್ಟದಲ್ಲಿ ಕಲ್ಲು ಒಡೆಯುವುದನ್ನೇ ನಿಲ್ಲಿಸಿದ್ದರಿಂದ ಅದೂ ಇರಲಿಲ್ಲ.

ಹಾಗಾಗಿ ಇಂಚರಾ ಬಂದು ತನ್ನ ಲೇಪದ ಸಂಗತಿ ಹೇಳಿದಾಗ ಊರು ಕಿವಿಗೊಟ್ಟಿತು. ಆದರೆ ಇಡೀ ಊರಿನ ಮುಂದೆ ಗೋಡೆ ಎಂದರೆ ಸಣ್ಣ ಖರ್ಚಲ್ಲ. ಇದಕ್ಕೆಂದೇ ಊರವರು ಕಟ್ಟಿಕೊಂಡ ಬೆಳೆಗಲ್ಲು ಕೂಟದ ಅಧ್ಯಕ್ಷನಾದ ಸಂದೇಶಣ್ಣ ಅದಕ್ಕೊಂದು ದಾರಿ ಹುಡುಕಿದ. ಭಜನಾ ಮಂದಿರದ ಜಗಲಿಯಲ್ಲಿ ಒಂದು ಡಬ್ಬಿ ಇಟ್ಟು, ಮಾರುಕಟ್ಟೆಯಿಂದ ಬರುವ ಹೆಂಗಸರೂ ಬೋಟಿನಿಂದ ಇಳಿಯುವ ಗಂಡಸರೂ ದಿನಕ್ಕೊಂದು ಬಂಗುಡೆ ಮೀನಿನ ಬೆಲೆಯನ್ನು ಅದರಲ್ಲಿ ಹಾಕಬೇಕು ಎಂದ. ಒಂದು ಬಂಗುಡೆ ಹೋದರೆ ಯಾರೂ ಉಪವಾಸ ಬೀಳುವುದಿಲ್ಲ. ಹಾಕಿದ ಹಣ ಒಂದು ಮೊಳ ಚೌಕಟ್ಟಿನ ಬೆಲೆಯಷ್ಟಾದಾಗ ಒಂದು ಮೊಳ ಅವರದು. ಹಳೆಯ ರಂಪಣಿ ಬಲೆಯನ್ನು ಕಟ್ಟಿದ್ದೂ ಹೀಗೆಯೇ. ಮನೆಮನೆಯಿಂದ ಒಂದೊಂದು ತುಂಡು ಬಲೆ ಬಂದು, ಎಲ್ಲವನ್ನೂ ಹೊಲಿದು ಊರಗಲದ ಒಂದು ಬಲೆ ಮಾಡಿ, ಎಲ್ಲರೂ ಸೇರಿ ದಡಕ್ಕೆ ಎಳೆಯುತ್ತಿದ್ದರಂತೆ. ಕೆಲವರು ಹತ್ತು ಮೊಳ ಕೊಂಡರು, ಕೆಲವರು ಐದು. ಗಂಡನಿಲ್ಲದ, ತಲೆಯ ಮೇಲಿನ ಬುಟ್ಟಿಯೊಂದನ್ನೇ ನಂಬಿದ ಶೈಲಕ್ಕ ಮೂರು ಮೊಳ ಕೊಂಡಳು. ತನ್ನ ಹೆಸರಿನಲ್ಲಿ ಆಸ್ತಿ ಅಂತ ಅವಳು ಮಾಡಿದ್ದು ಜೀವಮಾನದಲ್ಲಿ ಅದೊಂದೇ.

ಚೌಕಟ್ಟುಗಳನ್ನು ಯಾವ ಕ್ರಮದಲ್ಲಿ ಇಳಿಸಬೇಕು ಎಂಬ ಪ್ರಶ್ನೆ ಬಂದಾಗ ಯಾರೂ ಎರಡನೇ ಸಲ ಯೋಚಿಸಲಿಲ್ಲ. ಸಣ್ಣಕೋಡಿಯಲ್ಲಿ ರಂಪಣಿಯ ತುಂಡುಗಳನ್ನು ಹೊಲಿಯುತ್ತಿದ್ದದ್ದು ಮನೆಗಳ ಸಾಲಿನಂತೆ, ದಕ್ಷಿಣದ ತುದಿಯ ತೆಂಕಿನ ಮನೆಯಿಂದ ಶುರುವಾಗಿ ಉತ್ತರದ ಬಡಗಿಗೆ. ಬೆಳೆಗಲ್ಲಿಗೂ ಅದೇ ಸಾಲು ಎಂದಾಯಿತು. ಹಿರಿಯರ ಪದ್ಧತಿ ಉಳಿಯಿತಲ್ಲ ಎಂದು ಎಲ್ಲರಿಗೂ ಸಮಾಧಾನ. ಬಲೆಯಲ್ಲಿ ಮೊದಲ ತುಂಡಾದರೇನು, ಕೊನೆಯ ತುಂಡಾದರೇನು, ಬಿದ್ದ ಮೀನೆಲ್ಲ ಒಂದೇ ರಾಶಿಗೆ. ಕಲ್ಲಿನ ಮಾತು ಹಾಗಲ್ಲ ಎಂದು ಅವತ್ತು ಇಂಚರಾಳಿಗೂ ಹೊಳೆಯಲಿಲ್ಲ. ಮಳೆಗಾಲದ ಅಲೆ ಬರುವುದು ನೈಋತ್ಯದಿಂದ. ತೆಂಕಿನ ತುದಿಯ ತುಂಡು ಮೊದಲ ಪೆಟ್ಟು ತಿನ್ನುತ್ತದೆ. ತೆಂಕಿನ ತುದಿಯ ಮನೆ ಶೈಲಕ್ಕನದು.

ಇನ್ನೊಂದು ಬೇಡಿಕೆ ಊರಿನಿಂದಲೇ ಬಂತು. ಹಿಂದೆ ಯಾವುದೋ ಚೀಟಿ ಕಂಪೆನಿಗೆ ಹಣ ಕಟ್ಟಿ ಮೋಸ ಹೋದ ಊರು ಅದು. “ನಮ್ ದುಡ್ಡ್ ಎಲ್ಲಿತ್ತ್, ಎಷ್ಟ್ ಆಯ್ತ್, ನಮ್ ಕಣ್ಣಿಗ್ ಕಾಣ್ಕ್,” ಎಂದರು ಎಲ್ಲರೂ. ನ್ಯಾಯವಾದ ಮಾತು. ಇಂಚರಾ ಪ್ರತಿ ಮೊಳದೊಳಗೂ ಸಾಸಿವೆ ಗಾತ್ರದ ಒಂದು ಸಾಧನ ಕೂರಿಸಿದಳು. ಕಲ್ಲು ದಪ್ಪಗಾದಂತೆ ಅದರೊಳಗೆ ಹಾಯುವ ವಿದ್ಯುತ್ತು ಬದಲಾಗುತ್ತದೆ; ಆ ಬದಲಾವಣೆಯನ್ನು ಆಲಿಸಿ, ಯಾರ ಮೊಳ ಎಷ್ಟು ತೂಕ ಬೆಳೆಯಿತು ಎಂದು ಅದು ಅವರವರ ಅಂಗೈಪರದೆಗೆ ಹೇಳುತ್ತಿತ್ತು. ಅದಕ್ಕೆ ಅವಳು ‘ಕಿವಿ’ ಎಂದು ಹೆಸರಿಟ್ಟಳು. ಲೇಪಕ್ಕಿಂತ ಕಿವಿಯ ಮೇಲೆಯೇ ಅವಳಿಗೆ ಹೆಚ್ಚು ಅಭಿಮಾನ. ಬಡವರ ಪುಡಿಗಾಸು ಕಲ್ಲಾಗಿ ಬೆಳೆಯುವುದನ್ನು ಅವರೇ ದಿನಾ ನೋಡಬಹುದು ಎಂದರೆ ಸಣ್ಣ ಮಾತೇ?

ಬೆಳೆಗಲ್ಲು ನಿಜಕ್ಕೂ ಬೆಳೆಯಿತು. ಮೊದಲ ವರ್ಷ ತಂತಿಗೆ ಬೂದಿ ಮೆತ್ತಿದಂತಿತ್ತು. ಎರಡನೆಯ ವರ್ಷ ಮುಷ್ಟಿ ಗಾತ್ರವಾಗಿ ಪಕ್ಕದ ಚೌಕಟ್ಟುಗಳಿಗೆ ಬೆಸೆದುಕೊಳ್ಳತೊಡಗಿತು. ಅದರ ಮೈಮೇಲೆ ಪಚ್ಚಿಲೆಗಳು, ಅಂದರೆ ಆ ಕಡೆಯವರು ತಿನ್ನಲು ಪ್ರಾಣ ಬಿಡುವ ಕಪ್ಪು ಚಿಪ್ಪಿನ ಜೀವಿಗಳು, ಗೊಂಚಲು ಗೊಂಚಲಾಗಿ ಕಚ್ಚಿಕೊಂಡವು. ಸಂದುಗಳಲ್ಲಿ ಮುರು, ಕೆಂಬೇರಿ ಮೀನುಗಳು ಬಂದು ಮನೆ ಮಾಡಿದವು. ಗೋಡೆಯ ಒಳಗಿನ ನೀರು ಶಾಂತವಾಗಿ ದಡಕ್ಕೆ ಮರಳು ಮರಳಿತು. ನಾಲ್ಕನೆಯ ವರ್ಷಕ್ಕೆ ಪಚ್ಚಿಲೆಯ ಹುಟ್ಟುವಳಿಯಲ್ಲಿ ಊರಿನ ಮನೆಗಳಿಗೆ ಸುಣ್ಣ ಬಣ್ಣ ಬಂತು, ಹುಡುಗಿಯರಿಗೆ ನರ್ಸಿಂಗ್ ಕಾಲೇಜಿನ ಫೀಸು ಬಂತು. ಸಮುದ್ರದ ನೆಂಟಸ್ತನ ಉಪ್ಪಿಗೆ ಬಡತನ ಎಂಬ ಗಾದೆ ಸಣ್ಣಕೋಡಿಯಲ್ಲಿ ಸುಳ್ಳಾಯಿತು ಎಂದು ಸಂದೇಶಣ್ಣ ಕಂಡವರಿಗೆಲ್ಲ ಹೇಳುತ್ತಿದ್ದ. ದೂರದೂರದ ಊರಿನವರು ಬಂದು ನೋಡಿ ಹೋದರು.

ಆದರೆ ಶೈಲಕ್ಕನ ಮೂರು ಮೊಳ ಮಾತ್ರ ಬಡಕಲಾಗಿಯೇ ಉಳಿಯಿತು.

ಬೆಳಿಗ್ಗೆ ಎದ್ದು ಚಾ ಕುಡಿಯುವ ಮೊದಲು ಅಂಗೈಪರದೆ ನೋಡುವುದು ಊರಿಗೆ ರೂಢಿಯಾಗಿತ್ತು. “ನಂದ್ ಒಂದ್ ಕೆ.ಜಿ. ಹೆಚ್ಚಾಯ್ತ್ ಕಾಣಿ!” “ಹೌದಾ, ನಂದ್ ಎರಡ್!” ಎಂದು ನೀರಿನ ನಲ್ಲಿಯ ಹತ್ತಿರ ಮಾತು. ಮೊದಮೊದಲು ಶೈಲಕ್ಕನನ್ನು ತಮಾಷೆ ಮಾಡುತ್ತಿದ್ದರು. “ನಿಮ್ ಕಲ್ಲಿಗೆ ಊಟ ಹಾಕ್ತಿಲ್ಯಾ ಶೈಲಕ್ಕ?” ಅವಳೂ ಬಿಡದೆ, “ನನ್ನಂಗೇ ಅದೂ ಡಯಟ್ ಮಾಡ್ತಿತ್ತ್,” ಎನ್ನುತ್ತಿದ್ದಳು. ಬರಬರುತ್ತ ತಮಾಷೆ ನಿಂತಿತು. ಮೊಳ ಲೆಕ್ಕದಲ್ಲಿ ಸಮನಾಗಿ ಹಂಚುತ್ತಿದ್ದ ಪಚ್ಚಿಲೆಯನ್ನು ಇನ್ನು ಮುಂದೆ ಕಲ್ಲು ಬೆಳೆದ ತೂಕದ ಮೇಲೆ ಹಂಚಬೇಕು ಎಂದು ಯಾರೋ ಸಭೆಯಲ್ಲಿ ಎತ್ತಿದರು. ಕಿವಿ ಇರುವಾಗ ಮೊಳದ ಲೆಕ್ಕದ ಹಂಚಿಕೆ ಯಾಕೆ? ವಿರೋಧಿಸಲು ಯಾರಿಗೂ ಕಾರಣ ಸಿಗಲಿಲ್ಲ. ಅಂದಿನಿಂದ ಶೈಲಕ್ಕನ ಬುಟ್ಟಿಯ ತಳ ಕಾಣತೊಡಗಿತು. ಅವಳು ಪಾಲು ತೆಗೆದುಕೊಳ್ಳಲು ಎಲ್ಲರೂ ಹೋದ ಮೇಲೆ ಬರುತ್ತಿದ್ದಳು.

ಆ ಹೊತ್ತಿಗೇ ಕಲ್ಲು ಕೊಳ್ಳುವವರು ಬಂದರು. ಎಲ್ಲೋ ಬಡಗು ಕರಾವಳಿಯಲ್ಲಿ ಬಂದರು ಕಟ್ಟುತ್ತಿದ್ದ ಒಂದು ಕಂಪೆನಿ ಅದು. ಘಟ್ಟದ ಕಲ್ಲಿಗೆ ನಿಷೇಧ, ಹಾಗಾಗಿ ಕಡಲಲ್ಲಿ ಬೆಳೆದ ಕಲ್ಲಿಗೆ ತೂಕದ ಮೇಲೆ ಬೆಲೆ. ಅವರು ಹೇಳಿದ ಮೊತ್ತ ಕೇಳಿ ಊರು ಕೆಲವು ದಿನ ಬೇರೆ ಮಾತನ್ನೇ ಆಡಲಿಲ್ಲ. ಕೂಟದ ನಿಯಮದ ಪ್ರಕಾರ ಅವರವರ ಮೊಳ ಅವರವರ ಆಸ್ತಿ, ಯಾರು ಬೇಕಾದರೂ ಮಾರಬಹುದಿತ್ತು. ಕಿವಿ ಇದ್ದುದರಿಂದ ಯಾರ ಕಲ್ಲು ಎಲ್ಲಿಂದ ಎಲ್ಲಿಯವರೆಗೆ, ಎಷ್ಟು ಟನ್ನು ಎಂಬ ಬಗ್ಗೆ ಜಗಳವೂ ಇರಲಿಲ್ಲ. ಕಂಪೆನಿಗೆ ಬೇಕಾದದ್ದು ನಡುವಿನ ದಪ್ಪ ಕಲ್ಲುಗಳು. ಅವನ್ನು ಕತ್ತರಿಸಿ ಒಯ್ದರೆ ಉಳಿಯುವುದು ಎರಡು ತುದಿಯ ತುಣುಕುಗಳು. ಅವು ಒಂದು ಮಳೆಗಾಲವನ್ನೂ ತಡೆಯಲಾರವು. ತೆಂಕಿನ ಮನೆಗಳು ಕಡಲಿಗೆ ಹೋಗುತ್ತವೆ ಎಂದು ಹೇಳಲು ವಿಜ್ಞಾನಿಯೇ ಬೇಕಿರಲಿಲ್ಲ.

ಎಲ್ಲರಿಗಿಂತ ಭಾರದ ಕಲ್ಲು ಧನ್ವಿತನದು. ಮೂವತ್ತೈದರ ಆಸುಪಾಸಿನ ಗಟ್ಟಿ ಆಳು, ನಡುವಿನ ಸಾಲಿನಲ್ಲಿ ಆರು ಮೊಳದ ಒಡೆಯ. ಇಂಚರಾ ಅವನನ್ನು ಹುಡುಕಿಕೊಂಡು ಬೋಟು ಕಟ್ಟುವ ದಕ್ಕೆಗೆ ಹೋದಳು. ಅವನು ಯಾರದೋ ಬೋಟಿನ ಬಲೆ ಹೊಲಿಯುತ್ತ ಕೂತಿದ್ದ.

“ನೀವು ಕೊಟ್ರ ಉಳಿದವರೂ ಕೊಡ್ತಾರ, ಧನ್ವಿತ್. ಆಮ್ಯಾಲ ಶೈಲಕ್ಕನಂಥವ್ರ ಗತಿ ಏನು?”

ಅವನು ಸೂಜಿ ಕೆಳಗಿಟ್ಟ. “ನಾನ್ ಕಳ್ಳ್ನಾ ಡಾಕ್ಟ್ರೆ? ನನ್ ಕಲ್ಲ್ ನಾನ್ ಮಾರ್ತೆ. ಹದ್ನೈದ್ ವರ್ಷ ಆಯ್ತ್, ಬೇರೆಯವ್ರ ಬೋಟಿಗ್ ದುಡೂದ್. ಅವ್ರ್ ಹೋಯ್ಕ್ ಅಂದ್ರೆ ಹೋಯ್ಕ್, ಬ್ಯಾಡ ಅಂದ್ರೆ ಬ್ಯಾಡ. ನಂದೇ ಒಂದ್ ದೋಣಿ ಬೇಕ್ ಅಂದೇಳಿ ಆಸೆ ಪಡೂದ್ ತಪ್ಪಾ?”

“ತಪ್ಪಲ್ರಿ.”

“ಮತ್ತೆಂತ? ಶೈಲಕ್ಕನ ಕಲ್ಲ್ ಬೆಳೂದಿಲ್ಲೆ ಅಂದ್ರೆ ಅದ್ ನನ್ ತಪ್ಪಾ? ಅದ್ನೂ ಹೇಳಿ.”

ಇಂಚರಾ ದಕ್ಕೆಯಿಂದ ಹಿಂದಿರುಗಿದಳು. ಆದರೆ ಅವನ ಕೊನೆಯ ಪ್ರಶ್ನೆ ಅವಳ ತಲೆಯಲ್ಲಿ ಕೂತುಬಿಟ್ಟಿತು. ಅದೇ ತಂತಿ, ಅದೇ ಲೇಪ, ಅದೇ ನೀರು. ಹಾಗಾದರೆ ಶೈಲಕ್ಕನ ಕಲ್ಲು ಯಾಕೆ ಬೆಳೆಯುವುದಿಲ್ಲ?

ಅವಳು ಪ್ರಯೋಗಾಲಯಕ್ಕೆ ಹೋಗಿ ಅಲೆ ಎಬ್ಬಿಸುವ ದೊಡ್ಡ ತೊಟ್ಟಿಯಲ್ಲಿ ಸಣ್ಣಕೋಡಿಯ ಗೋಡೆಯ ಪುಟ್ಟ ನಕಲು ಮಾಡಿ ಇಟ್ಟಳು. ಮಳೆಗಾಲದ ಅಲೆ ಬಿಟ್ಟಳು. ತೆಂಕಿನ ತುದಿಯ ಮೇಲೆ ಸುಣ್ಣ ಕೂರುತ್ತಿತ್ತು, ಅಲೆ ಬಂದು ಉಜ್ಜಿ ಒಯ್ಯುತ್ತಿತ್ತು, ಮತ್ತೆ ಕೂರುತ್ತಿತ್ತು. ಅಲ್ಲಿ ಮುರಿದು ಸುಸ್ತಾದ ಅಲೆ ನಡುವಿನ ಕಲ್ಲುಗಳ ಹತ್ತಿರ ಬರುವಾಗ ಬರೀ ನೀರು. ಅಷ್ಟೇ ಅಲ್ಲ, ತೆಂಕಿನಲ್ಲಿ ಉಜ್ಜಿಹೋದ ಸುಣ್ಣದ ಪುಡಿ ಹರಿದು ಬಂದು ನಡುವಿನ ಕಲ್ಲುಗಳಿಗೇ ಮೆತ್ತಿಕೊಳ್ಳುತ್ತಿತ್ತು. ಶೈಲಕ್ಕನ ಕಲ್ಲು ಬೆಳೆಯುತ್ತಿರಲಿಲ್ಲ ಎಂಬುದೇ ಸುಳ್ಳು. ಎಲ್ಲರದಕ್ಕಿಂತ ಹೆಚ್ಚು ಬೆಳೆಯುತ್ತಿತ್ತು. ಬೆಳೆದದ್ದು ಪಕ್ಕದವರ ಮೈಮೇಲೆ ಹೋಗಿ ಕೂರುತ್ತಿತ್ತು. ಕಿವಿಗೆ ಕೇಳಿಸುತ್ತಿದ್ದದ್ದು ಉಳಿದದ್ದು ಮಾತ್ರ.

ಇಂಚರಾಳಿಗೆ ಕುಣಿಯುವಷ್ಟು ಸಂತೋಷವಾಯಿತು. ವಿಜ್ಞಾನಿಗಳ ಸ್ವಭಾವವೇ ಹಾಗೆ, ಒಂದು ಅಂಕಿಯಿಂದ ಗಾಯವಾದರೆ ಇನ್ನೊಂದು ಅಂಕಿಯನ್ನು ಮುಲಾಮಿನಂತೆ ಹಚ್ಚಲು ಹೊರಡುತ್ತಾರೆ. ಯಾವ ಮೊಳ ಎಷ್ಟು ಅಲೆಯನ್ನು ತಡೆದು ಉಳಿದವರನ್ನು ಕಾಪಾಡಿತು ಎಂಬುದನ್ನೂ ಕಿವಿ ಹೇಳುವಂತೆ ಅವಳು ತಿದ್ದಿದಳು. ಅದಕ್ಕೆ ‘ತಡೆದ ಲೆಕ್ಕ’ ಎಂದು ಹೆಸರಿಟ್ಟು ಸಣ್ಣಕೋಡಿಗೆ ಓಡಿ ಬಂದಳು.

ಭಾನುವಾರ ಮಧ್ಯಾಹ್ನ ಭಜನಾ ಮಂದಿರದಲ್ಲಿ ಸಭೆ ಸೇರಿತು. ಇಂಚರಾ ಗೋಡೆಯ ಮೇಲೆ ಚಿತ್ರ ಮೂಡಿಸಿ ಎಲ್ಲವನ್ನೂ ವಿವರಿಸಿದಳು. ಹೊಸ ಲೆಕ್ಕದಲ್ಲಿ ಎಲ್ಲರಿಗಿಂತ ಮೇಲೆ ಶೈಲಕ್ಕನ ಹೆಸರಿತ್ತು, ಧನ್ವಿತನದು ಕೆಳಗೆಲ್ಲೋ ಇತ್ತು. ಕೂಡಲೇ ತೆಂಕಿನ ಸಾಲಿನಿಂದ ಒಂದು ದನಿ ಎದ್ದಿತು.

“ಹಾಂಗಾರೆ ಇಷ್ಟ್ ವರ್ಷ ನಮ್ ಪಾಲ್ ನೀವ್ ತಿಂದ್ರಿ, ಅಲ್ದಾ?”

“ಯಾರ್ ತಿಂದದ್? ನಾವ್ ದುಡ್ಡ್ ಹಾಕದ್ದೆ ಶೈಲಕ್ಕನ ಮೂರ್ ಮೊಳ ಒಂದೇ ನಿಂತಿರ್ತಿತ್ತಾ?” ಎಂದಿತು ಬಡಗು.

“ಬುರುಡಿ ಕಟ್ಟಿದ್ದ್ ನಾನ್. ಕರೆಂಟಿನ ಲೆಕ್ಕ ಎಲ್ಲಿತ್ತ್?” ಎಂದ ಮತ್ತೊಬ್ಬ. ನೀರಿಗಿಳಿದು ಪಚ್ಚಿಲೆ ಕೀಳುವವರು ತಮ್ಮ ಉಸಿರು ಕಟ್ಟಿದ ಲೆಕ್ಕ ಕೇಳಿದರು. ಡಬ್ಬಿ ಕಾದವಳು ಡಬ್ಬಿ ಕಾದ ಲೆಕ್ಕ ಕೇಳಿದಳು. ದೇವರ ಫೋಟೋದ ಮುಂದೆ ಕೂತು ಜನ ಒಬ್ಬರನ್ನೊಬ್ಬರು ‘ನೀವು’ ಎನ್ನುವುದು ಬಿಟ್ಟು ‘ನೀನು’ ಎನ್ನತೊಡಗಿದರು. ಸಂದೇಶಣ್ಣ ಮೇಜು ಗುದ್ದಿದ್ದು ಯಾರಿಗೂ ಕೇಳಿಸಲಿಲ್ಲ.

“ಶೈಲಕ್ಕಂಗಾರೂ ಖುಷಿ ಆಯ್ತಲೆ! ಇನ್ನ್ ಅವ್ರೇ ಸಾವ್ಕಾರ್ತಿ,” ಎಂದು ಯಾರೋ ಚುಚ್ಚಿದರು.

ಶೈಲಕ್ಕ ಎದ್ದು ನಿಂತಳು. “ಇಷ್ಟ್ ದಿನ ನೀವೆಲ್ಲ ನನ್ನ ಕಂಡ್ರೆ ಮೋರೆ ತಿರ್ಗಿಸ್ತಿದ್ರಿ. ಇನ್ನ್ ನಾನ್ ನಿಮ್ಮನ್ನ್ ಕಂಡ್ರೆ ತಿರ್ಗಿಸ್ಕಾ? ಇಷ್ಟೆಲ್ಲ ಮಿಷನ್ ಇಟ್ಟ್ ಆದದ್ದ್ ಅಷ್ಟೇಯಾ?” ಎಂದಳು. ಸೆರಗಿನಿಂದ ಮುಖ ಮುಚ್ಚಿಕೊಂಡು ಕೂತಳು. ಪಕ್ಕದಲ್ಲಿದ್ದವಳು ಅವಳ ಬೆನ್ನ ಮೇಲೆ ಕೈಯಿಟ್ಟಳು. ಗಲಾಟೆ ಸ್ವಲ್ಪ ತಗ್ಗಿತು.

ಇಂಚರಾ ಗೋಡೆಯ ಮೇಲಿನ ತನ್ನ ಅಂಕಿಗಳನ್ನೇ ನೋಡುತ್ತ ನಿಂತಿದ್ದಳು. ಅವುಗಳಲ್ಲಿ ಒಂದೂ ತಪ್ಪಿರಲಿಲ್ಲ. ಅದೇ ಅವಳಿಗೆ ಹೆಚ್ಚು ಸಂಕಟವಾಗಿತ್ತು. ತಪ್ಪಿದ್ದರೆ ತಿದ್ದಬಹುದಿತ್ತು.

“ನಾನೊಂದು ಮಾತ ಹೇಳ್ತನಿ, ಕೇಳ್ರಿ,” ಎಂದಳು. “ಈ ಕಿವಿ ಮಾಡಿದಾಕಿ ನಾನು. ಒಂದು ಸಲ ಜೋರಾಗಿ ಕರೆಂಟ್ ಹಾಯಿಸಿದ್ರ ಎಲ್ಲಾ ಕಿ‍ವಿ ಸುಟ್ಟು ಹೋಗ್ತಾವ. ಮತ್ತ ಹುಟ್ಟಂಗಿಲ್ಲ. ಕಲ್ಲಿಗೇನೂ ಆಗೂದಿಲ್ಲ, ಅದು ಬೆಳೀತದ. ಆದ್ರ ಯಾರದು ಎಲ್ಲಿಗೆ ಮುಗೀತು, ಎಷ್ಟು ಬೆಳೀತು ಅಂತ ನಿಮಗೂ ಗೊತ್ತಾಗಂಗಿಲ್ಲ, ನನಗೂ ಗೊತ್ತಾಗಂಗಿಲ್ಲ. ಮಾರೂದಾದ್ರ ಎಲ್ಲಾರೂ ಕೂಡಿ ಮಾರಬೇಕು, ಇಲ್ಲಾಂದ್ರ ಇಲ್ಲ. ಆಸ್ತಿ ನಿಮ್ಮದು. ಬೇಕಾ ಬ್ಯಾಡಾ ನೀವು ಹೇಳ್ರಿ.”

ಇದರ ಬೆಲೆ ಏನೆಂದು ಅವಳಿಗೆ ಗೊತ್ತಿತ್ತು. ಕಿವಿ ಇದ್ದರೆ ಮಾತ್ರ ಹಣ ಕೊಡುತ್ತೇವೆ ಎಂದು ಅವಳ ಪ್ರಯೋಗಾಲಯಕ್ಕೆ ಆಸರೆಯಾಗಿದ್ದ ನಿಧಿಯವರು ಮೊದಲೇ ಹೇಳಿದ್ದರು.

ಧನ್ವಿತ ಎದ್ದ. “ಡಾಕ್ಟ್ರೆ, ಇದ್ ಮೋಸ. ಕೊಟ್ಟದ್ದನ್ನ್ ಕಸ್ಕಂಬುದ್ ಇದ್.”

“ಹೌದು,” ಎಂದಳು ಇಂಚರಾ. “ನಿಮಗ ನಷ್ಟ ಆಗೂದು ಖರೆ. ನಾನು ಸುಳ್ಳು ಹೇಳಂಗಿಲ್ಲ.”

ಕಿವಿ ಬೇಡ ಎನ್ನುವವರು ಕೈ ಎತ್ತಿ ಎಂದ ಸಂದೇಶಣ್ಣ. ತೆಂಕಿನವರು ಮೊದಲು ಎತ್ತಿದರು. ಬಡಗಿನಲ್ಲಿ ಒಂದೊಂದಾಗಿ ಎದ್ದವು. ನಡುವಿನ ಸಾಲಿನ ಹೆಂಗಸರು ಗಂಡಂದಿರ ಮುಖ ನೋಡಿದರು, ಆಮೇಲೆ ಶೈಲಕ್ಕನ ಕಡೆ ನೋಡಿದರು, ಎತ್ತಿದರು. ಧನ್ವಿತ ಎತ್ತಲಿಲ್ಲ. ಎಲ್ಲರಿಗಿಂತ ಮೊದಲು ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡ. ಅವನ ಕಣ್ಣಲ್ಲಿ ನೀರಿತ್ತು. ಅವನ ದುಃಖ ಸುಳ್ಳೆಂದು ಹೇಳುವ ಎದೆ ಆ ಸಭೆಯಲ್ಲಿ ಯಾರಿಗೂ ಇರಲಿಲ್ಲ.

ಅಂದು ಸಂಜೆಯೇ ಇಂಚರಾ ಕಿವಿಗಳನ್ನು ಸುಟ್ಟಳು. ಊರಿನ ಎಲ್ಲ ಅಂಗೈಪರದೆಗಳಲ್ಲೂ ಅಂಕಿಯ ಜಾಗ ಖಾಲಿಯಾಯಿತು. ಕಂಪೆನಿಯವರು ಬೇರೆ ಊರು ನೋಡಿಕೊಂಡರು. ನಿಧಿಯವರೂ ನುಡಿದಂತೆ ನಡೆದುಕೊಂಡರು; ಇಂಚರಾಳ ಪ್ರಯೋಗಾಲಯದಲ್ಲಿ ಅರ್ಧ ದೀಪ ಆರಿದವು.

ಆ ವರ್ಷದ ಜುಲೈಯಲ್ಲಿ ಬಂದ ಗಾಳಿಮಳೆಯಂಥದ್ದನ್ನು ಸಣ್ಣಕೋಡಿ ಕಂಡಿರಲಿಲ್ಲ. ಮಧ್ಯಾಹ್ನಕ್ಕೇ ಕತ್ತಲೆ ಕವಿಯಿತು. ಅಲೆಗಳು ತೆಂಗಿನ ಮರದೆತ್ತರ ಎದ್ದು ತೆಂಕಿನ ತುದಿಗೆ ಅಪ್ಪಳಿಸಿದವು. ಜನ ಭಜನಾ ಮಂದಿರದಲ್ಲಿ ಒಟ್ಟಾಗಿ ಕೂತು ಒಂದೊಂದು ಸದ್ದಿಗೂ ಬೆಚ್ಚಿದರು. ಇಂಚರಾಳೂ ಅವರ ನಡುವೆ ಇದ್ದಳು, ಶೈಲಕ್ಕನ ಕೈ ಹಿಡಿದುಕೊಂಡು. ಮೂರನೆಯ ದಿನ ಬೆಳಕು ಹರಿದಾಗ ನೋಡಿದರೆ ಗೋಡೆ ನಿಂತಿತ್ತು. ಕಡಲು ಶೈಲಕ್ಕನ ಅಂಗಳದ ತುಳಸಿಕಟ್ಟೆಯವರೆಗೆ ಬಂದು ಹಿಂದೆ ಸರಿದಿತ್ತು. ಊರಿನಲ್ಲಿ ಒಂದು ಮನೆಯೂ ಹೋಗಿರಲಿಲ್ಲ. ಆದರೆ ತೆಂಕಿನ ತುದಿಯ ಕಲ್ಲು ಪುಡಿಪುಡಿಯಾಗಿ ಕಡಲ ತಳ ಸೇರಿತ್ತು. ಅದು ಯಾರದು ಎಂದು ತಿಳಿಯಲು ಕಿವಿಯೇ ಬೇಕೆಂದಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಶೈಲಕ್ಕನ ಮೂರು ಮೊಳ ಇನ್ನಿರಲಿಲ್ಲ.

ಮಳೆ ಬಿಟ್ಟ ಮೇಲೆ ಹೊಸ ಪಚ್ಚಿಲೆ ತೆಗೆದು ಭಜನಾ ಮಂದಿರದ ಜಗಲಿಯಲ್ಲಿ ಪಾಲು ಹಾಕಿದರು. ಈ ಸಲ ಮೊಳಕ್ಕೊಂದು ಬುಟ್ಟಿ, ತೂಕವಿಲ್ಲ, ತಕ್ಕಡಿಯಿಲ್ಲ. ಎಲ್ಲರೂ ಬಂದು ಒಯ್ದರು. ಮೂರು ಬುಟ್ಟಿ ಉಳಿದವು. ಶೈಲಕ್ಕ ಬರಲಿಲ್ಲ.

ಅವಳು ಮನೆಯ ಮೆಟ್ಟಿಲಿನಲ್ಲಿ ಕೂತಿದ್ದಾಗ ಧನ್ವಿತ ಬಂದ. ತಲೆಯ ಮೇಲೆ ಒಂದು ಬುಟ್ಟಿ, ಎರಡು ಕೈಗಳಲ್ಲಿ ಎರಡು. ಗಂಡಸು ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಬರುವುದನ್ನು ನೋಡಿ ದಾರಿಯುದ್ದಕ್ಕೂ ಹೆಂಗಸರು ನಕ್ಕಿದ್ದರು. ಸೋರಿದ ನೀರಿಗೆ ಅವನ ಅಂಗಿಯೆಲ್ಲ ಒದ್ದೆ.

“ಎಂತಕ್ ಬರ್ಲಿಲ್ಲೆ?” ಎಂದ.

“ಎಂತಕ್ ಬರ್ಕ್ ಮಗಾ? ನನ್ ಕಲ್ಲ್ ಹೋಯ್ತಲೆ. ಇಲ್ಲದ್ದಕ್ಕೆ ಪಾಲ್ ಕೇಂಬುಕೆ ನಂಗೆ ಮರ್ಯಾದಿ ಇಲ್ಯಾ?”

ಧನ್ವಿತ ಬುಟ್ಟಿಗಳನ್ನು ಒಂದೊಂದಾಗಿ ಅವಳ ಕಾಲ ಬಳಿ ಇಳಿಸಿದ. ಆಮೇಲೆ ಅವಳ ಮುಖ ನೋಡದೆ, ಕಡಲಿನ ಕಡೆ ನೋಡುತ್ತ ಹೇಳಿದ: “ನಿಮ್ ಮೂರ್ ಮೊಳ ತಿಂಬ ಹೊತ್ತಿಗೆ ಕಡ್ಲಿಗೆ ಹೊಟ್ಟಿ ತುಂಬ್ತ್ ಅಕ್ಕ. ನಂದ್ ಉಳ್ದದ್ದ್ ಅದ್ಕೇ.”

ಶೈಲಕ್ಕ ಅತ್ತಳು. ಬೇಸರಕ್ಕಲ್ಲ. ಧನ್ವಿತ ಒದ್ದೆ ಅಂಗಿಯ ಅಂಚು ಹಿಂಡಿಕೊಂಡು, “ಪಚ್ಚಿಲೆ ಸುಕ್ಕ ಮಾಡ್ರೆ ಕರೀನಿ,” ಎಂದು ಹೇಳಿ ಹೋದ.

ಅವನಿಗೆ ಇನ್ನೂ ಸ್ವಂತ ದೋಣಿಯಾಗಿಲ್ಲ. ಭಜನಾ ಮಂದಿರದ ಜಗಲಿಯಲ್ಲಿ ಅದಕ್ಕೆಂದೇ ಇನ್ನೊಂದು ಡಬ್ಬಿ ಇಟ್ಟಿದ್ದಾರೆ. “ಹಾಂಗಾರೆ ಆ ದೋಣಿಯೂ ಊರಿಂದೇಯಾ?” ಎಂದು ಅವನು ಗೊಣಗುತ್ತಾನೆ. ಆದರೆ ದಿನಕ್ಕೊಂದು ಬಂಗುಡೆಯ ಬೆಲೆ ಮೊದಲು ಹಾಕುವವನೂ ಅವನೇ. ತೆಂಕಿನ ತುದಿಗೆ ಊರಿನ ದುಡ್ಡಲ್ಲಿ ಹೊಸ ಚೌಕಟ್ಟು ಇಳಿಸುವಾಗ ಯಾರ ಮನೆ ಎಲ್ಲಿದೆ ಎಂದು ಯಾರೂ ನೋಡಲಿಲ್ಲ.

ಬೇರೆ ಊರುಗಳ ಕತೆ ಬೇರೆ. ಕಿವಿ ಇರುವ ಬೆಳೆಗಲ್ಲು ಕರಾವಳಿಯುದ್ದಕ್ಕೂ ಹಬ್ಬಿತು. ಅಲ್ಲಿಯ ಜನರು ತಮ್ಮ ತಮ್ಮ ಮೊಳ ತಾವು ತಾವು ಮಾರಿಕೊಂಡರು, ಒಳ್ಳೆಯ ಬೆಲೆಗೇ ಮಾರಿಕೊಂಡರು. ಆ ಕಲ್ಲುಗಳ ಮೇಲೆ ಈಗ ದೊಡ್ಡದೊಂದು ಬಂದರು ನಿಂತಿದೆ, ಆ ಊರುಗಳಲ್ಲಿ ಕೆಲವು ನಿಂತಿಲ್ಲ. ಮಾರಿದವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ; ಎಲ್ಲರ ಪರದೆಯಲ್ಲೂ ಸರಿಯಾದ ಅಂಕಿಯೇ ಇತ್ತು.

ಇದೆಲ್ಲ ಇನ್ನು ಮುಂದೆ ನಡೆಯಬೇಕಾದದ್ದು. ಇಂಚರಾಳ ಲೇಪ ಇನ್ನೂ ಯಾರ ಕೈಗೂ ಬಂದಿಲ್ಲ, ಧನ್ವಿತ ಇನ್ನೂ ತೊಟ್ಟಿಲಿಗೆ ಬಂದಂತಿಲ್ಲ. ಆದರೆ ಬೆಳಿಗ್ಗೆ ಎದ್ದು ಚಾ ಕುಡಿಯುವ ಮೊದಲು ಅಂಗೈಯಲ್ಲಿ ನಮ್ಮ ನಮ್ಮ ಪಾಲು ಎಷ್ಟು ಬೆಳೆಯಿತು ಎಂದು ನೋಡಿಕೊಳ್ಳುವ ಅಭ್ಯಾಸ ನಮಗೆ ಆಗಲೇ ಬಂದಿದೆ. ನನ್ನದು ಇಷ್ಟು ಬೆಳೆಯಲು ಅತ್ತ ತೆಂಕಿನ ತುದಿಯಲ್ಲಿ ಯಾರದು ಸವೆಯುತ್ತಿದೆ ಎಂಬ ಅಂಕಿ ಮಾತ್ರ ಅದರಲ್ಲಿಲ್ಲ.